ಡಲ್ಸಿಯ ಆರು ಗಂಟೆ

ಒಂದೇ ಒಂದು ಅಕ್ಷರ ಹಿಡಿಸುವಷ್ಟು ಪುಟ್ಟ ಚೌಕ ಅದು. ಅದನ್ನು ಇಡಬೇಕೋ ತೆಗೆಯಬೇಕೋ ಎಂದು ಆರು ಊರುಗಳ ಪ್ರೋಗ್ರಾಮರುಗಳು ಸೇರಿ ನೂರ ನಲವತ್ತು ಟಿಪ್ಪಣಿ ಬರೆದರು. ಒಬ್ಬರೂ ಕೂಲಿಗೆ ಬರೆದವರಲ್ಲ. ಎಲ್ಲರೂ ತಂತಮ್ಮ ಭಾನುವಾರಗಳನ್ನು ಕೊಟ್ಟು, ಬಿಟ್ಟಿಯಾಗಿ, ಲೋಕೋಪಕಾರಕ್ಕೆಂದು ಕಿತ್ತಾಡಿದವರು. ಬಿಟ್ಟಿ ಜಗಳಕ್ಕೆ ಇರುವ ಹುರುಪು ಸಂಬಳದ ಕೆಲಸಕ್ಕೆ ಎಲ್ಲಿಂದ ಬರಬೇಕು?

ಚೌಕ ಇದ್ದದ್ದು ರೋವೀನಾಳ ಪ್ರೋಗ್ರಾಮಿನಲ್ಲಿ. ರೋವೀನಾ ಟ್ವೀಡ್ ಹೆಡ್ಸ್ ಎಂಬ ಗಡಿಯೂರಿನವಳು, ನಲವತ್ತೇಳು ವರ್ಷ, ಹಗಲೆಲ್ಲ ಮನೆಯಲ್ಲೇ ಕೂತು ಒಂದು ವಿಮಾ ಕಂಪನಿಗೆ ಕೋಡ್ ಬರೆಯುವವಳು. ಏಳು ವರ್ಷದ ಹಿಂದೆ ಊರಿನ ಸವಾರಿ ಸಂಘಕ್ಕೆ ಈ ಪ್ರೋಗ್ರಾಂ ಬರೆದುಕೊಟ್ಟಿದ್ದಳು. ಸಂಘವೆಂದರೆ ದೊಡ್ಡದೇನಲ್ಲ. ಸಮುದಾಯ ಭವನದ ಹಿಂದಿನ ಒಂದು ಕೋಣೆ, ಒಂದು ಕೆಟಲ್, ಇಪ್ಪತ್ತೆರಡು ಜನ ನಿವೃತ್ತ ಚಾಲಕರು, ಅವರನ್ನೆಲ್ಲ ಬೆರಳ ತುದಿಯಲ್ಲಿ ಕುಣಿಸುವ ನೋಲೀನ್. ಕಾರು ಓಡಿಸಲಾಗದ ಮುದುಕರು ಮುದುಕಿಯರನ್ನು ಡಾಕ್ಟರ ಹತ್ತಿರ, ಅಂಗಡಿಗೆ, ಆಸ್ಪತ್ರೆಗೆ ಕರೆದೊಯ್ದು ವಾಪಸ್ಸು ತಂದುಬಿಡುವುದು ಇವರ ಕೆಲಸ. ಯಾರನ್ನು ಯಾರು ಎಷ್ಟು ಗಂಟೆಗೆ ಎಂಬುದನ್ನೆಲ್ಲ ನೋಲೀನ್ ಮೊದಲು ಗೋಡೆಯ ಬಿಳಿ ಹಲಗೆಯ ಮೇಲೆ ಬರೆಯುತ್ತಿದ್ದಳು. ಪ್ರೋಗ್ರಾಂ ಬಂದ ಮೇಲೆ ಹಲಗೆ ಬೀರುವಿನ ಹಿಂದೆ ಸೇರಿತು.

ಈ ಊರಿನ ಗಡಿಯಾರದ ವ್ಯವಹಾರವೇ ಬೇರೆ. ರಾಜ್ಯದ ಗಡಿ ಬೀದಿಯ ನಟ್ಟನಡುವೆ ಹಾಯ್ದಿದೆ. ಅಕ್ಟೋಬರಿನಲ್ಲಿ ಇಲ್ಲಿ ಬೇಸಿಗೆ ಶುರುವಾಯಿತೆಂದರೆ, ಸಂಜೆಯ ಬೆಳಕು ಹೆಚ್ಚು ಸಿಗಲೆಂದು ದಕ್ಷಿಣದ ಕಡೆಯವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತಾರೆ, ಉತ್ತರದ ಕಡೆಯವರು ಜಪ್ಪಯ್ಯ ಅಂದರೂ ತಿರುಗಿಸುವುದಿಲ್ಲ. ಬೇಸಿಗೆ ಮುಗಿಯುವ ತನಕ ಬೀದಿಯ ಈಚೆ ಏಳಾದರೆ ಆಚೆ ಆರು. ಈಚೆ ಬಾರು ಮುಚ್ಚಿದರೆ ಆಚೆ ದಾಟಿ ಇನ್ನೊಂದು ಗಂಟೆ ಕುಡಿಯುವ ಮಹಾನುಭಾವರಿದ್ದಾರೆ. ಇಲ್ಲಿ "ಹತ್ತಕ್ಕೆ ಬಾ" ಅಂದರೆ "ಯಾರ ಹತ್ತು?" ಎಂದು ಕೇಳಿದ ಮೇಲೇ ಮುಂದಿನ ಮಾತು.

ಹಾಗಂತ ಮನೆ ಯಾವ ಕಡೆ ಇದೆ ಎಂದು ನೋಡಿ ಯಾರ ಹತ್ತು ಎಂದು ಹೇಳಲಾಗದು. ಮನೆ ಈಚೆ, ಕೆಲಸ ಆಚೆ ಇರುವವರು ಆಚೆಯ ಟೈಮಿನಲ್ಲೇ ಏಳುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ಅಡುಗೆಮನೆಗೊಂದು ಟೈಮು, ಮಲಗುವ ಕೋಣೆಗೊಂದು ಟೈಮು ಇಟ್ಟುಕೊಂಡು ಮೂವತ್ತು ವರ್ಷ ಸಂಸಾರ ಮಾಡಿದ ಗಂಡಹೆಂಡಿರಿದ್ದಾರೆ. ಅದಕ್ಕೇ ಆ ಚೌಕ. ಸವಾರಿಯ ಗಂಟೆ ಬರೆದು, ಪಕ್ಕದ ಚೌಕದಲ್ಲಿ ದಕ್ಷಿಣದ ಟೈಮಾದರೆ 'ದ', ಉತ್ತರದ್ದಾದರೆ 'ಉ' ಎಂದು ನೋಲೀನ್ ಒತ್ತುತ್ತಿದ್ದಳು. ಯಾರ ಮನೆಯಲ್ಲಿ ಯಾವ ಟೈಮು ಎಂಬುದು ಅವಳಿಗೆ ಬಾಯಿಪಾಠ. ಏಳು ಬೇಸಿಗೆ ಒಂದು ಸವಾರಿಯೂ ತಪ್ಪಲಿಲ್ಲ.

ರೋವೀನಾ ಆ ಪ್ರೋಗ್ರಾಮನ್ನು ಎಲ್ಲರಿಗೂ ತೆರೆದಿಟ್ಟಳು. ಬೇರೆ ಊರಿನ ಸಂಘಗಳೂ ಬಳಸಲಿ, ಬಲ್ಲವರು ತಿದ್ದಲಿ ಎಂದು. ಹನ್ನೊಂದು ಊರಿನವರು ಬಳಸತೊಡಗಿದರು. ತಿದ್ದುವವರಂತೂ ಕೇಳುವುದೇ ಬೇಡ, ಕರೆಯದೆಯೇ ಬಂದರು, ಅವರದೇ ಒಂದು ಬಳಗವಾಯಿತು. ಕೆಲವರು ನಿಜಕ್ಕೂ ಕೈಜೋಡಿಸಿದರು. ಕೆಲವರು ಬಣ್ಣ ಬದಲಿಸಿ ಹೋದರು. ಮೂರು ವರ್ಷದ ಹಿಂದೆ ಒಬ್ಬ ಆತುರಗಾರ ಯಾರನ್ನೂ ಕೇಳದೆ ಏನೋ ತಿದ್ದಿ ಇಡೀ ಪ್ರೋಗ್ರಾಮನ್ನು ಒಂದು ದಿನ ಮಲಗಿಸಿಬಿಟ್ಟಾಗ ರೋವೀನಾ ಕೋಪದಲ್ಲಿ ಒಂದು ನಿಯಮ ಬರೆದಳು: ಯಾವ ತಿದ್ದುಪಡಿಯೇ ಆಗಲಿ, ಬಳಗದ ಇಬ್ಬರು ಒಪ್ಪದೆ ಒಳಗೆ ಬರಕೂಡದು, ಬರೆದವಳೂ ಇದಕ್ಕೆ ಹೊರತಲ್ಲ. ಬಳಗದವರು ಭೇಷ್ ಎಂದರು.

ಆಮೇಲೆ ಬಂದವನು ಮೆಲ್ಬರ್ನ್‌ನ ಫರ್ಗಸ್. ಬಳಗದಲ್ಲಿ ದೊಡ್ಡ ಹೆಸರು. ಅವನ ಕೋಡ್ ಇಸ್ತ್ರಿ ಹಾಕಿದ ಅಂಗಿಯ ಹಾಗೆ, ಹುಡುಕಿದರೂ ಒಂದು ಸುಕ್ಕು ಸಿಗದು. ಮಾತೂ ಹಾಗೆಯೇ. ಕಳೆದ ಮೇ ತಿಂಗಳಲ್ಲಿ ಅವನ ಕಣ್ಣು ಆ ಚೌಕದ ಮೇಲೆ ಬಿತ್ತು.

"ವಿಳಾಸ ಹೇಗೂ ಇದೆ. ವಿಳಾಸದಿಂದ ಟೈಮು ಗೊತ್ತಾಗುತ್ತೆ," ಎಂದು ಬರೆದ. "ಅದನ್ನ ಮನುಷ್ಯರ ಕೈಲಿ ಯಾಕೆ ಬರೆಸಬೇಕು? ಮನುಷ್ಯರು ತಪ್ಪು ಮಾಡ್ತಾರೆ."

"ನಮ್ಮೂರಲ್ಲಿ ಜನ ವಿಳಾಸ ನೋಡ್ಕೊಂಡು ಬದುಕಲ್ಲ," ಎಂದು ರೋವೀನಾ ಉತ್ತರಿಸಿದಳು.

"ಅಂಥೋರು ಎಷ್ಟು ಜನ ಇದ್ದಾರೆ? ಒಂದು ಉದಾಹರಣೆ ಕೊಡಿ. ಅದೂ ಸರಿಯಾಗಿ ಬರುತ್ತಾ ಅಂತ ತಾನೇ ನೋಡೋ ಒಂದು ಪರೀಕ್ಷೆ ಕೋಡ್ ಬರೆದುಬಿಡ್ತೀನಿ."

ಉದಾಹರಣೆ ರೋವೀನಾಳ ನಾಲಿಗೆಯ ತುದಿಯಲ್ಲೇ ಇತ್ತು: ಡಲ್ಸಿ. ಎಪ್ಪತ್ತೊಂಬತ್ತರ ಮುದುಕಿ. ಮನೆ ಗಡಿಯಿಂದ ಉತ್ತರಕ್ಕೆ ನಾಲ್ಕನೆಯದು. ಮೂತ್ರಪಿಂಡ ಎರಡೂ ಕೈಕೊಟ್ಟು ನಾಲ್ಕು ವರ್ಷ. ಮಂಗಳವಾರ, ಗುರುವಾರ, ಶನಿವಾರ ದಕ್ಷಿಣದ ಕಡೆಯ ಡಯಾಲಿಸಿಸ್ ಕೇಂದ್ರದಲ್ಲಿ ಬೆಳಿಗ್ಗೆ ಆರೂವರೆಗೆ ಅವಳ ಕುರ್ಚಿ. ಜೀವ ಆ ಕುರ್ಚಿಗೆ ಕಟ್ಟಿಕೊಂಡಿದ್ದರಿಂದ ಮನೆಯ ಗಡಿಯಾರವನ್ನೂ ಅದರ ಟೈಮಿಗೇ ಇಟ್ಟುಕೊಂಡಿದ್ದಳು. ಆದರೆ ಒಬ್ಬಳ ಕಾಯಿಲೆ ಕಸಾಲೆಯನ್ನು ಊರವರೆಲ್ಲ ಓದುವ ಜಾಗದಲ್ಲಿ ಬರೆಯುವುದು ಹೇಗೆ? ಸುಳ್ಳು ಹೆಸರು ಕೊಟ್ಟು ಬರೆಯಬಹುದಿತ್ತು. ನಾಳೆ ಬರೆದರಾಯಿತು ಎಂದುಕೊಂಡಳು. ನಾಳೆಯ ಹೊತ್ತಿಗೆ ಇಪ್ಪತ್ತು ಹೊಸ ಟಿಪ್ಪಣಿ ಬಂದಿದ್ದವು, ಎಲ್ಲವೂ ಫರ್ಗಸ್‌ನ ಪರ.

ಐದು ಭಾನುವಾರ ಕೂತು ಅವನು ಹೊಸ ಕೋಡ್ ಬರೆದ. ಐದು ಭಾನುವಾರ ಬಿಟ್ಟಿ ದುಡಿದವನಿಗೆ ಬೇಡ ಎನ್ನುವುದು ಯಾವ ಬಾಯಿಂದ? ಇನ್ನೊಂದು ವಿಷಯವೂ ಇತ್ತು. ನವೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ಬಳಗದ ದೊಡ್ಡ ಕೂಟ. ರೋವೀನಾ ಅಲ್ಲಿ ಮಾತಾಡಬೇಕು, ಸಣ್ಣ ಊರಿಗೆ ಪ್ರೋಗ್ರಾಂ ಬರೆದ ಕಥೆ ಎಲ್ಲರೂ ಕೇಳಬೇಕು ಎಂದು ಫರ್ಗಸ್ ಅವಳ ಹೆಸರು ಸೂಚಿಸಿದ್ದ. ಅದು ಬೇರೆ, ಇದು ಬೇರೆ ಎಂದು ರೋವೀನಾ ತನಗೆ ತಾನೇ ಹೇಳಿಕೊಂಡಳು. ಬೇರೆಯೇನಲ್ಲ ಎಂದು ಅವಳಿಗೂ ಗೊತ್ತಿತ್ತು. ಆಗಸ್ಟ್ ಮೊದಲ ವಾರ ಅವಳೇ ಗುಂಡಿ ಒತ್ತಿ ಹೊಸ ಕೋಡನ್ನು ಒಳಗೆ ಬಿಟ್ಟುಕೊಂಡಳು. ಚೌಕ ಹೋಯಿತು.

ನೋಲೀನ್ ಅವತ್ತೇ ಫೋನ್ ಮಾಡಿದಳು.

"ನನ್ನ ಚೌಕ ಎಲ್ಲೇ?"

"ಇನ್ಮೇಲೆ ಬೇಕಾಗಿಲ್ಲ ನೋಲೀನ್. ವಿಳಾಸ ನೋಡಿ ಅದೇ ತಿಳ್ಕೊಳ್ಳುತ್ತೆ."

"ಡಲ್ಸಿ ವಿಷಯಾನೂ ತಿಳ್ಕೊಳ್ಳುತ್ತಾ?"

"ಅದೊಂದು ಬಾಕಿ ಇದೆ. ಅಕ್ಟೋಬರ್ ಒಳಗೆ ನೋಡ್ಕೋತೀನಿ."

"ನೀನು ನೋಡ್ಕೋತೀನಿ ಅಂದ್ರೆ ಆಯ್ತು ಬಿಡು," ಅಂದು ನೋಲೀನ್ ಫೋನ್ ಇಟ್ಟಳು. ಏಳು ವರ್ಷದ ನಂಬಿಕೆ ಅದು, ಎರಡನೇ ಪ್ರಶ್ನೆ ಕೇಳುವ ಅಭ್ಯಾಸವೇ ಇರಲಿಲ್ಲ.

ಆಗಸ್ಟಿನಲ್ಲಿ ಬೀದಿಯ ಎರಡೂ ಕಡೆ ಒಂದೇ ಟೈಮು. ಮಳೆಯಿಲ್ಲದ ದಿನ ಕೊಡೆ ಬಿಚ್ಚಿ ಹಿಡಿದು ಸೋರುವುದಿಲ್ಲ ನೋಡಿ ಅಂದ ಹಾಗೆ, ಎರಡು ತಿಂಗಳು ಎಲ್ಲ ಸರಿಯಾಗಿ ನಡೆಯಿತು. "ಒಂದೂ ದೂರು ಬಂದಿಲ್ಲ," ಎಂದು ಫರ್ಗಸ್ ಖುಷಿಯಿಂದ ಬರೆದ. ಅವನು ಅಕ್ಟೋಬರಿನ ದಿನಾಂಕ ಹಾಕಿಯೂ ಪರೀಕ್ಷಿಸಿದ್ದ, ಪಾಪ. ವಿಳಾಸಗಳೆಲ್ಲ ಸರಿಯಾದ ಗಂಟೆಯನ್ನೇ ಹೇಳಿದ್ದವು. ರೋವೀನಾ ತನ್ನ ಮಾತಿನಂತೆ, ವಿಳಾಸಕ್ಕೆ ಹೊಂದದ ಜನರಿಗಾಗಿ ಒಂದು ಪ್ರತ್ಯೇಕ ಪಟ್ಟಿ ಇರಲಿ ಎಂದು ಬಳಗದ ಮುಂದಿಟ್ಟಳು. ಆ ಪಟ್ಟಿ ಮನುಷ್ಯರ ಹೆಸರಿಗೆ ಅಂಟಿಕೊಂಡಿರಬೇಕೋ ಮನೆಯ ಹೆಸರಿಗೋ ಎಂಬುದರ ಮೇಲೆ ಅರವತ್ತು ಟಿಪ್ಪಣಿ ಬಿದ್ದವು. ಸೆಪ್ಟೆಂಬರಿನ ಹೊತ್ತಿಗೆ ಅವಳು ಬಳಗದ ಪತ್ರಗಳನ್ನು ತೆರೆದು ನೋಡುವುದನ್ನೇ ಬಿಟ್ಟಳು. ಅಕ್ಟೋಬರ್ ಮಾತ್ರ ಯಾರ ಒಪ್ಪಿಗೆಗೂ ಕಾಯದೆ ಬಂತು.

ಗಡಿಯಾರ ತಿರುಗಿಸಿದ ಮೇಲಿನ ಮೊದಲ ಮಂಗಳವಾರ ಮಧ್ಯಾಹ್ನ ನೋಲೀನಳ ಫೋನ್ ಬಂದಾಗ ರೋವೀನಾ ಟೋಸ್ಟ್ ತಿನ್ನುತ್ತಿದ್ದಳು.

"ಡಲ್ಸಿ ಆಸ್ಪತ್ರೇಲಿದ್ದಾಳೆ ಕಣೇ."

"ಏನಾಯ್ತು?"

"ಅವಳನ್ನ ಕರ್ಕೊಂಡು ಹೋಗೋ ಮರ್ವ್ ಒಂದು ಗಂಟೆ ಲೇಟಾಗಿ ಹೋಗಿದ್ದಾನೆ. ಅವನ ತಪ್ಪೇನೂ ಇಲ್ಲ. ನಿನ್ನ ಪ್ರೋಗ್ರಾಂ ಉತ್ತರದ ಆರು ಅಂತು, ಉತ್ತರದ ಆರಕ್ಕೆ ಸರಿಯಾಗಿ ಶಿಳ್ಳೆ ಹಾಕ್ಕೊಂಡು ಹೋಗಿ ನಿಂತಿದ್ದಾನೆ. ಅವಳು ದಕ್ಷಿಣದ ಆರಕ್ಕೇ ಬಂದು ಗೇಟ್ ಹತ್ರ ನಿಂತಿದ್ಲು. ಚೀಲ, ಕಂಬಳಿ ಹಿಡ್ಕೊಂಡು, ಒಂದು ಗಂಟೆ."

ರೋವೀನಾಳ ಕೈಯಲ್ಲಿದ್ದ ಟೋಸ್ಟ್ ಕೈಯಲ್ಲೇ ಉಳಿಯಿತು. ಶನಿವಾರದಿಂದ ಮಂಗಳವಾರಕ್ಕೆ ವಾರದಲ್ಲೇ ಉದ್ದನೆಯ ಬಿಡುವು. ಮೈಯಲ್ಲಿ ನೀರು ತುಂಬಿಕೊಂಡು ಕೂತಿರುವ ದಿನ ಅದು. ಆ ಒಂದು ದಿನ ತಪ್ಪಬಾರದು ಎಂದು ಡಲ್ಸಿಯ ಹೆಸರಿನ ಎದುರು ಕೆಂಪಕ್ಷರ ಮೂಡುವಂತೆ ಅವಳೇ ಕೋಡ್ ಬರೆದಿದ್ದಳು.

"ಕೇಂದ್ರದಲ್ಲಿ ಕುರ್ಚಿ ಬೇರೆಯವರಿಗೆ ಹೋಗಿತ್ತು," ನೋಲೀನ್ ಹೇಳುತ್ತಲೇ ಇದ್ದಳು. "ನಾಳೆ ಬನ್ನಿ ಅಂದ್ರಂತೆ. ಮನೆಗೆ ಬಂದ ಮೇಲೆ ಉಸಿರು ಕಟ್ಟಿದೆ. ಪಕ್ಕದ ಮನೆಯವರು ಆಂಬುಲೆನ್ಸ್ ಕರೆಸಿದ್ದಾರೆ."

"ಗೇಟ್ ಹತ್ರ ನಿಂತಾಗ ಒಂದು ಫೋನ್ ಮಾಡಬಾರದಿತ್ತಾ ಅವರು?"

"ಡಲ್ಸಿ ಮಾಡ್ತಾಳಾ? ನಾವೆಲ್ಲ ಬಿಟ್ಟಿ ಮಾಡೋರು, ನಮಗೆ ಕಾಟ ಕೊಡಬಾರದಂತೆ. ನಾನೇ ಎಲ್ಲೋ ಟೈಮು ತಪ್ಪಾಗಿ ತಿಳ್ಕೊಂಡೆ ಅಂತಿದ್ದಾಳೆ ಪಾಪ. ನೀನೊಂದ್ಸಲ ಹೋಗಿ ಮಾತಾಡಿಸ್ಕೊಂಡು ಬಾ."

"ಮೊದ್ಲು ಇದನ್ನ ಸರಿ ಮಾಡ್ಬಿಡ್ತೀನಿ. ಆಮೇಲೆ ಹೋಗ್ತೀನಿ."

ಸರಿ ಮಾಡಲು ಇಪ್ಪತ್ತು ನಿಮಿಷ ಹಿಡಿಯಿತು. ಹಳೆಯ ಚೌಕವನ್ನು ಇದ್ದ ಜಾಗದಲ್ಲೇ ತಂದು ಕೂರಿಸಿ, ಏನಾಯಿತೆಂದು ಹೆಸರು ಹೇಳದೆ ನಾಲ್ಕು ಸಾಲು ಬರೆದು, ಮೇಲೆ 'ತುರ್ತು' ಎಂದು ಹಾಕಿ ಬಳಗದ ಮುಂದಿಟ್ಟಳು. ಇನ್ನು ಇಬ್ಬರು ಒಪ್ಪಿದರೆ ಮುಗಿಯಿತು. ಪರ್ತ್‌ನ ಮಿರೆಲ್ ಎಂಬಾಕೆ ಐದೇ ನಿಮಿಷದಲ್ಲಿ ಒಪ್ಪಿದಳು. ರೋವೀನಾ ಎರಡನೆಯವರಿಗಾಗಿ ಕಾದಳು.

"ವಿಷಯ ಕೇಳಿ ತುಂಬಾ ಸಂಕಟ ಆಯ್ತು. ಆ ಹಿರಿಯರು ಹುಷಾರಾಗಿದ್ದಾರಾ?" ಎಂದು ಫರ್ಗಸ್ ಬರೆದ. "ಆದರೆ ಚೌಕ ವಾಪಸ್ ತರೋದು ಹಿಂದಕ್ಕೆ ಹೆಜ್ಜೆ ಇಟ್ಟ ಹಾಗಲ್ವಾ? ಮನುಷ್ಯರ ಪಟ್ಟಿಯ ಚರ್ಚೆ ಅರ್ಧದಲ್ಲಿದೆ, ಅದನ್ನೇ ಮುಗಿಸೋಣ. ಅವಸರದಲ್ಲಿ ಮಾಡಿದ್ದು ಮತ್ತೆ ಕೈಕಚ್ಚುತ್ತೆ."

ಹೊಬಾರ್ಟ್‌ನವನೊಬ್ಬ, ಒಂದೇ ಅಕ್ಷರದ ಚೌಕ ಕಣ್ಣು ಮಂಜಾದವರಿಗೆ ಕಷ್ಟ, ದೊಡ್ಡ ಗುಂಡಿಗಳಿರಲಿ ಎಂದ. ಇನ್ನೊಬ್ಬ ಇದಕ್ಕೊಂದು ಪರೀಕ್ಷೆ ಬರೆಯದೆ ಒಪ್ಪಲಾರೆ ಎಂದ. ರೋವೀನಾ ಪರೀಕ್ಷೆ ಬರೆದಳು. ಆ ಪರೀಕ್ಷೆಯ ಹೆಸರು ಉದ್ದವಾಯಿತು ಎಂದ. ಗಿಡ್ಡ ಮಾಡಿದಳು. ಯಾವನೋ ಒಬ್ಬ, ಇದರಲ್ಲಿ ಯಾರೊಬ್ಬರ ತಪ್ಪೂ ಇಲ್ಲ ಎಂಬುದನ್ನು ದಾಖಲಿಸೋಣ ಎಂದು ಬರೆದು ಪಕ್ಕಕ್ಕೊಂದು ಹೃದಯದ ಚಿತ್ರ ಅಂಟಿಸಿದ. ಅದಕ್ಕೆ ಒಂಬತ್ತು ಜನ ಮೆಚ್ಚುಗೆ ಒತ್ತಿದರು. ಅದನ್ನು ನೋಡಿ ರೋವೀನಾಗೆ ಮೈಯೆಲ್ಲ ಉರಿದುಹೋಯಿತು. ಒಬ್ಬರಿಗಾದರೂ ಕೆಟ್ಟ ಮನಸ್ಸಿದ್ದಿದ್ದರೆ ಬೈದು ಹಗುರಾಗಬಹುದಿತ್ತು. ಎಲ್ಲರೂ ಒಳ್ಳೆಯವರೇ. ಇಷ್ಟು ಒಳ್ಳೆಯವರನ್ನು ಇಟ್ಟುಕೊಂಡು ಏನು ಮಾಡುವುದು?

ಬುಧವಾರವೂ ಹೀಗೇ ಹೋಯಿತು. ಬೆಳಿಗ್ಗೆ ಆಸ್ಪತ್ರೆಯಲ್ಲೇ ಡಲ್ಸಿಗೆ ಡಯಾಲಿಸಿಸ್ ಮಾಡಿ ಮಧ್ಯಾಹ್ನ ಮನೆಗೆ ಕಳಿಸಿದರೆಂದು ನೋಲೀನ್ ಸುದ್ದಿ ಕಳಿಸಿದಳು. ರೋವೀನಾ ಒಂದು ಕಿಟಕಿಯಲ್ಲಿ ವಿಮಾ ಕಂಪನಿಯ ಕೆಲಸ ಇಟ್ಟುಕೊಂಡು ಇನ್ನೊಂದರಲ್ಲಿ ಬಳಗದ ಪುಟ ತೆರೆದುಕೊಂಡು ಕೂತಿದ್ದಳು. ಪ್ರೋಗ್ರಾಮಿನ ಕೀಲಿ ಅವಳ ಬಳಿಯೇ ಇತ್ತು. ನಿಯಮ ಮುರಿದು ತಾನೇ ಒಳಗೆ ಬಿಟ್ಟರೆ ತಡೆಯುವವರು ಯಾರೂ ಇರಲಿಲ್ಲ. ಎರಡು ಸಲ ಬೆರಳು ಗುಂಡಿಯ ತನಕ ಹೋಯಿತು. ಎರಡು ಸಲವೂ ಆ ಸಾಲು ಕಣ್ಣಿಗೆ ಬಿತ್ತು: ಬರೆದವಳೂ ಇದಕ್ಕೆ ಹೊರತಲ್ಲ. ಮುರಿದರೆ ಬಳಗದಲ್ಲಿ ಏನಂದಾರು? ಆ ಆತುರಗಾರನಿಗೂ ತನಗೂ ಏನು ವ್ಯತ್ಯಾಸ? ಬೆರಳು ವಾಪಸ್ಸು ಬಂತು.

ಸಂಜೆ ನಾಲ್ಕಕ್ಕೆ ತಲೆಗೆ ಹೊಳೆಯಿತು, ನಾಳೆ ಗುರುವಾರ. ಪ್ರೋಗ್ರಾಂ ನಾಳೆಯೂ ಅದೇ ತಪ್ಪು ಗಂಟೆಯನ್ನೇ ಹೇಳುತ್ತದೆ. ಮರ್ವ್‌ಗೆ ಫೋನ್ ಹಚ್ಚಿದಳು. ಮರ್ವ್ ನಿವೃತ್ತ ಪ್ಲಂಬರ್, ಎಪ್ಪತ್ತೆರಡರ ಮನುಷ್ಯ. ಮಂಗಳವಾರದಿಂದ ಶಿಳ್ಳೆ ಹಾಕುವುದನ್ನು ನಿಲ್ಲಿಸಿದ್ದ.

"ಮರ್ವ್, ನಾಳೆ ಡಲ್ಸಿಗೆ ದಕ್ಷಿಣದ ಆರು. ಫೋನಲ್ಲಿ ಏನೇ ತೋರಿಸಲಿ, ನಂಬಬೇಡಿ."

"ಫೋನ್ ಯಾರು ನೋಡ್ತಾರೆ ಕಣಮ್ಮ? ಹಲಗೆ ಮೇಲೆ ಬರೆದಿದೆ."

"ಯಾವ ಹಲಗೆ?"

"ನೋಲೀನ್ ನಿನ್ನೇನೇ ಹೊರಗೆ ತೆಗೆದ್ಲು. ದಕ್ಷಿಣಕ್ಕೆ ಕೆಂಪು, ಉತ್ತರಕ್ಕೆ ನೀಲಿ. ನಾಳೆ ಮಾತ್ರ ನಾನಿರಲ್ಲ, ಕಣ್ಣಿನ ಡಾಕ್ಟ್ರ ಹತ್ರ ಹೋಗಬೇಕು. ಯಾರು ಹೋಗ್ತಾರೆ ಅಂತ ಅವಳನ್ನೇ ಕೇಳು."

ರೋವೀನಾ ಕಂಪ್ಯೂಟರ್ ಬಿಟ್ಟೆದ್ದು ಭವನಕ್ಕೆ ನಡೆದಳು. ದಾರಿಯಲ್ಲಿ ಒಂದು ಮ್ಯಾಗ್ಪೈ ಹಕ್ಕಿ ಮರದಿಂದಿಳಿದು ಎರಡು ಸಲ ಅವಳ ತಲೆಗೆ ಕುಕ್ಕಲು ನೋಡಿತು. ಮೊಟ್ಟೆ ಕಾಯುವ ಕಾಲ, ಅದಕ್ಕೆ ಯಾರ ಮೇಲೂ ನಂಬಿಕೆಯಿಲ್ಲ.

ಹಲಗೆ ಗೋಡೆಗೆ ಬಂದಿತ್ತು. ಹೆಸರುಗಳು, ಗಂಟೆಗಳು, ಕೆಂಪು, ನೀಲಿ. ಒಂದು ನೋಟಕ್ಕೆ ಎಲ್ಲ ಅರ್ಥವಾಗುತ್ತಿತ್ತು. ನೋಲೀನ್ ಕೆಟಲ್ ಹಾಕಿ, ಕೇಳದೆಯೇ ಒಂದು ಕಪ್ಪು ಚಹಾ ಅವಳ ಮುಂದಿಟ್ಟಳು.

"ಚೌಕ ವಾಪಸ್ ತಂದಿದ್ದೀನಿ ನೋಲೀನ್. ಇನ್ನೊಬ್ರು ಒಪ್ಪಬೇಕು, ಅಷ್ಟೇ."

"ಯಾರೊಪ್ಪಬೇಕು?"

"ಬಳಗದವರು."

"ಅವರಲ್ಲಿ ಯಾರಾದ್ರೂ ನಮ್ಮೂರಿಗೆ ಬಂದಿದ್ದಾರಾ?"

"ಇಲ್ಲ."

"ನೀನು ಅವರನ್ನ ನೋಡಿದ್ದೀಯಾ?"

"ಮುಖಾಮುಖಿ ಇಲ್ಲ."

ನೋಲೀನ್ ತನ್ನ ಕಪ್ಪಿಗೆ ಸಕ್ಕರೆ ಹಾಕಿ ಕಲಕಿದಳು. ಅವಳು ರೇಗಿದ್ದರೆ ಚೆನ್ನಾಗಿತ್ತು. ರೇಗಲಿಲ್ಲ.

"ನಾನು ಆಗಸ್ಟಲ್ಲೇ ಕೇಳಿದ್ನಲ್ಲ ಚಿನ್ನಾ. ಡಲ್ಸಿ ವಿಷಯ ನಿಂಗೆ ಗೊತ್ತಿತ್ತು. ಆಗ್ಲೇ ಅವರಿಗೆ ಬೇಡ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?"

"ಐದು ಭಾನುವಾರ ಕೂತು ಬರೆದಿದ್ದ ಅವನು. ಒಂದು ಪೈಸೆ ತಗೊಳ್ಳದೆ. ಹೇಗೆ ಬೇಡ ಅನ್ನಲಿ?"

"ನಂಗರ್ಥ ಆಗುತ್ತೆ," ಅಂದಳು ನೋಲೀನ್. ಆಮೇಲೆ ಹಲಗೆಯ ಕಡೆ ಗಲ್ಲ ತೋರಿಸಿದಳು. "ಇನ್ಮೇಲೆ ಇದೇ ಇರಲಿ ಬಿಡು. ನಿನ್ನ ಪ್ರೋಗ್ರಾಂ ಬೇರೆ ಊರಿನವರಿಗೆ ಆಗುತ್ತಲ್ಲ. ಚಾಲಕರೂ ಇದನ್ನೇ ಕೇಳ್ತಿದ್ದಾರೆ."

ರೋವೀನಾಳ ಏಳು ವರ್ಷದ ಕೆಲಸ ಒಂದು ಕಪ್ಪು ಚಹಾದಲ್ಲಿ ಮುಗಿದುಹೋಯಿತು. ಹನ್ನೊಂದು ಊರಿನವರಿಗೆ ಒಗ್ಗಿದ್ದು ಅದನ್ನು ಯಾರಿಗಾಗಿ ಬರೆದಳೋ ಅವರಿಗೇ ಬೇಡವಾಯಿತು. ಅಳು ಬರುವ ಹಾಗಾಯಿತು, ಆದರೆ ಅಳುವ ಹಕ್ಕು ತನಗಿದೆ ಎಂದು ಅವಳಿಗೆ ಅನ್ನಿಸಲಿಲ್ಲ. ಹಲಗೆಯ ಮೇಲೆ ಗುರುವಾರ ಕೆಂಪು ಆರು ಗಂಟೆಯ ಎದುರು ಚಾಲಕನ ಜಾಗ ಖಾಲಿ ಇತ್ತು. ಆಪತ್ತಿಗೆ ಇರಲಿ ಎಂದು ಚಾಲಕರ ಪಟ್ಟಿಯ ಕೊನೆಯಲ್ಲಿ ಅವಳೂ ಯಾವತ್ತೋ ಹೆಸರು ಕೊಟ್ಟಿದ್ದಳು.

"ನಾಳೆ ನಾನು ಹೋಗ್ತೀನಿ," ಅಂದಳು. ನೋಲೀನ್ ಕೆಂಪು ಪೆನ್ನು ಅವಳ ಕೈಗೆ ಕೊಟ್ಟಳು.

ಗುರುವಾರ ಅವಳು ಹೋಗಿ ಕಾರು ನಿಲ್ಲಿಸಿದಾಗ ದಕ್ಷಿಣದ ಆರಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಬೆಳಕು ಹರಿಯುತ್ತಿತ್ತು. ಡಲ್ಸಿ ಆಗಲೇ ಗೇಟಿನ ಬಳಿ ಇದ್ದಳು, ಕಂಬಳಿಯನ್ನು ಎದೆಗವಚಿಕೊಂಡು. ಕಾರಿಗೆ ಹತ್ತಿಸುವಾಗ ಅವಳ ಮೊಣಕೈ ಹಿಡಿದರೆ ಹಕ್ಕಿಯಷ್ಟೂ ಭಾರವಿರಲಿಲ್ಲ. ಕಾಲುಗಳು ಮಾತ್ರ ಬೂಟಿನ ಮೇಲೆ ಉಬ್ಬಿ ನಿಂತಿದ್ದವು.

"ನೀನೇ ಏನು ಆ ಕಂಪ್ಯೂಟರಿನ ಹುಡುಗಿ?"

"ಹೌದು ಡಲ್ಸಿ. ಹುಡುಗಿ ಏನಲ್ಲ, ನಲವತ್ತೇಳು."

"ನಂಗೆ ಎಲ್ರೂ ಹುಡುಗೀರೇ. ಮರ್ವ್‌ಗೆ ಯಾರೂ ಬೈದಿಲ್ಲ ತಾನೆ? ಪಾಪ, ಅವನ ಮುಖ ನೋಡೋಕಾಗ್ತಿರಲಿಲ್ಲ."

"ಇಲ್ಲ. ತಪ್ಪು ಅವರದ್ದಲ್ಲ."

"ಯಾರದ್ದಾದ್ರೂ ಆಗ್ಲಿ ಬಿಡಮ್ಮ. ಬಿಟ್ಟಿ ಮಾಡೋರಿಗೆ ಏನನ್ನೋಕಾಗುತ್ತೆ."

ಕಾರು ಗಡಿ ದಾಟಿತು. ಕಾರಿನ ಮುಂದೆ ಸಿಕ್ಕಿಸಿದ್ದ ಫೋನಿನಲ್ಲಿ ಗಂಟೆ ತಾನಾಗಿ ಒಂದು ಜಿಗಿಯಿತು. ಅದರ ಬೆನ್ನಿಗೇ ಬಳಗದ ಸಂದೇಶ ಬಂತು. ಫರ್ಗಸ್ ಬೇಗ ಏಳುವವನು. ಕೇಂದ್ರದ ಮುಂದೆ ಕಾರು ನಿಲ್ಲಿಸಿದಾಗ ರೋವೀನಾ ಓದಿದಳು: "ರಾತ್ರಿಯೆಲ್ಲ ಯೋಚಿಸಿದೆ. ನೀವು ಹೇಳಿದ್ದೇ ಸರಿ. ಪರೀಕ್ಷೆಗಳೆಲ್ಲ ಪಾಸಾಗಿವೆ. ಒಪ್ಪಿದ್ದೇನೆ. ನವೆಂಬರಿನ ಮಾತಿಗೆ ಇದೇ ಒಳ್ಳೆ ವಿಷಯ ಆಗುತ್ತೆ, ಯೋಚನೆ ಮಾಡಿ."

ಅವಳು ಫೋನನ್ನು ಬೋರಲು ಹಾಕಿದಳು. ಬಿಟ್ಟಿ ಮಾಡೋರಿಗೆ ಏನನ್ನೋಕಾಗುತ್ತೆ. ಡಲ್ಸಿ ಮರ್ವ್‌ಗೆ ಅನ್ನಲಿಲ್ಲ, ತಾನು ಫರ್ಗಸ್‌ಗೆ ಅನ್ನಲಿಲ್ಲ. ಬಾಯಿ ಮುಚ್ಚಿಕೊಂಡದ್ದಕ್ಕೆ ಸೌಜನ್ಯ ಅಂತ ಹೆಸರು.

"ಅನ್ನಿ ಡಲ್ಸಿ," ಅಂದಳು. "ನಂಗೆ ಅನ್ನಿ. ತಪ್ಪು ನಂದು. ನಿಮ್ಮ ಮನೇಲಿ ದಕ್ಷಿಣದ ಟೈಮು ಅಂತ ನಂಗೆ ನಾಲ್ಕು ವರ್ಷದಿಂದ ಗೊತ್ತು. ನಿಮ್ಮ ಗಂಟೆ ತಪ್ಪುತ್ತೆ ಅಂತಾನೂ ಗೊತ್ತಿತ್ತು. ಅದನ್ನ ಬದಲಾಯಿಸ್ತೀವಿ ಅಂತ ಬಂದೋರಿಗೆ ಬೇಡ ಅನ್ನೋಕೆ ನಾಚಿಕೆ ಆಯ್ತು. ಅದಕ್ಕೇ ನೀವು ಅಲ್ಲಿ ನಿಲ್ಲಬೇಕಾಯ್ತು."

ಡಲ್ಸಿ ಬೆಲ್ಟ್ ಬಿಚ್ಚುತ್ತಿದ್ದವಳು ನಿಲ್ಲಿಸಿದಳು.

"ನಾನು ತಪ್ಪು ತಿಳ್ಕೊಂಡಿರಲಿಲ್ವಾ?"

"ಇಲ್ಲ. ನೀವು ಸರಿಯಾಗೇ ಬಂದು ನಿಂತಿದ್ರಿ."

"ನಂಗೆ ತಲೆ ಕೆಟ್ಟಿರಲಿಲ್ವಾ?"

"ಇಲ್ಲ ಡಲ್ಸಿ."

ಮುದುಕಿ ಎದುರಿನ ಗಾಜನ್ನೇ ನೋಡುತ್ತ ಮಾತಾಡಿದಳು. ದನಿ ಏರಲೂ ಇಲ್ಲ, ನಡುಗಲೂ ಇಲ್ಲ.

"ಮೊದಲ ಅರ್ಧ ಗಂಟೆ ಮರ್ವ್‌ಗೆ ದಾರೀಲಿ ಏನಾದ್ರೂ ಆಯ್ತೇನೋ ಅಂತಿದ್ದೆ. ಆಮೇಲೆ ನಂಗೇ ಏನೋ ಆಗಿದೆ ಅನ್ನಿಸ್ತು. ಇವತ್ತು ಮಂಗಳವಾರಾನೇ ಅಲ್ವೇನೋ ಅಂತ. ಒಳಗೆ ಹೋಗಿ ಕ್ಯಾಲೆಂಡರ್ ನೋಡಿ ಬಂದೆ, ಎರಡು ಸಲ, ಈ ಕಾಲು ಎಳ್ಕೊಂಡು. ನಮ್ಮಕ್ಕನಿಗೆ ಹೀಗೇ ಶುರುವಾಗಿದ್ದು. ದಿನ ಮರೆತ್ಲು, ಆಮೇಲೆ ನನ್ನೇ ಮರೆತ್ಲು. ಆಸ್ಪತ್ರೇಲಿ ಡಾಕ್ಟ್ರು ಇವತ್ತು ಯಾವ ವಾರ ಅಂತ ಕೇಳಿದ್ರೆ ನಾನು ಬಾಯೇ ಬಿಡ್ಲಿಲ್ಲ, ತಪ್ಪು ಹೇಳ್ಬಿಟ್ರೆ ಅಂತ. ರಾತ್ರಿಯೆಲ್ಲ ಒಬ್ಬಳೇ ವಾರದ ಹೆಸರು ಎಣಿಸ್ತಾ ಮಲಗಿದ್ದೆ."

"ಡಲ್ಸಿ, ನಾನು..."

"ಎರಡು ದಿನ ಆಯ್ತಲ್ಲೇ. ನಿಂಗೆ ಮಂಗಳವಾರಾನೇ ಗೊತ್ತಿತ್ತು. ಬಂದು, ತಪ್ಪು ನಿಮ್ದಲ್ಲ ಅಂತ ಹೇಳೋಕೆ ಎಷ್ಟು ಹೊತ್ತು ಬೇಕಿತ್ತು? ಎರಡು ದಿನ ಏನ್ಮಾಡ್ತಿದ್ದೆ ನೀನು?"

ಚೌಕ ಸರಿ ಮಾಡುತ್ತಿದ್ದೆ ಎಂದು ರೋವೀನಾ ಹೇಳಬಹುದಿತ್ತು. ಪರೀಕ್ಷೆಯ ಹೆಸರು ಗಿಡ್ಡ ಮಾಡುತ್ತಿದ್ದೆ ಎಂದು ಹೇಳಬಹುದಿತ್ತು. ತನ್ನ ಮನೆಯಿಂದ ಡಲ್ಸಿಯ ಮನೆಗೆ ಆರು ನಿಮಿಷದ ದಾರಿ.

ಅವಳು ಇಳಿದು ಆ ಕಡೆಯ ಬಾಗಿಲು ತೆರೆದು ಕೈ ನೀಡಿದಳು. ಡಲ್ಸಿ ಆ ಕೈ ಹಿಡಿಯಲಿಲ್ಲ. ಬಾಗಿಲ ಅಂಚು ಹಿಡಿದು, ಒಂದೊಂದೇ ಕಾಲು ಕೆಳಗಿಟ್ಟು, ತಾನೇ ಎದ್ದು ನಿಂತು, ಕಂಬಳಿ ಸರಿಮಾಡಿಕೊಂಡಳು.

"ಶನಿವಾರ ನೀನು ಬರಬೇಡ," ಅಂದಳು. "ಮರ್ವ್‌ನ ಕಳಿಸು."

"ಸರಿ," ಅಂದಳು ರೋವೀನಾ.